ಎತ್ತು ಬಲ್ಲ ದಾರಿ

ಮನುಷ್ಯನಿಗೆ ಇತರರಿಂದ ಒದಗುವ ನೆರವಿನಲ್ಲಿ ಎರಡು ಬಗೆ. ಪೂರ್ತಿ ನೆರವು ಒಂದು, ಅರೆ ನೆರವು ಇನ್ನೊಂದು. ಅಡಿಗೆಯವನು ಬಂದು, ಅಡಿಗೆ ಮುಗಿಸಿ, ಬಡಿಸಿ ಹೋದರೆ ಅದು ಪೂರ್ತಿ ನೆರವು. “ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಉಕ್ಕುವಾಗ ನೋಡಿಕೊಳ್ಳಿ” ಎಂದು ಹೇಳಿ ಹೊರಟುಹೋದರೆ ಅದು ಅರೆ ನೆರವು. ಪೂರ್ತಿ ನೆರವು ದೊರೆತವನು ನಿಶ್ಚಿಂತನಾಗಿ ಕಾಲು ಚಾಚಬಹುದು. ಏನೂ ದೊರೆಯದವನು ಎಚ್ಚರದಿಂದ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾನೆ. ಹಾಲು ಉಕ್ಕಿ ಚೆಲ್ಲುವುದು ಮಾತ್ರ ಯಾವಾಗಲೂ ಅರೆ ನೆರವು ಪಡೆದವನ ಮನೆಯಲ್ಲಿಯೇ.

ಬೆಂಗಳೂರಿನ ಜಯನಗರದಲ್ಲಿ ನೆಲೆಸಿರುವ, ಭೌತಶಾಸ್ತ್ರ ಬೋಧಿಸಿ ನಿವೃತ್ತರಾದ ಮೇಷ್ಟರೊಬ್ಬರಿಗೆ ಈ ಸತ್ಯ ಮನದಟ್ಟಾದದ್ದು ಎಪ್ಪತ್ತನೆಯ ವಯಸ್ಸಿನಲ್ಲಿ. ಅದೂ ಅಡಿಗೆಮನೆಯಲ್ಲಲ್ಲ, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ, ತಾನಾಗಿಯೇ ಸ್ಟಿಯರಿಂಗ್ ತಿರುಗಿಸಿಕೊಳ್ಳುವ ವಿದ್ಯುತ್ ಕಾರೊಂದರ ಒಳಗೆ.

ಮೇಷ್ಟರು ಕಾರು ನಡೆಸಲು ಕಲಿತದ್ದು 1978ರಲ್ಲಿ, ಸ್ನೇಹಿತರೊಬ್ಬರ ಅಂಬಾಸಡರ್ ಗಾಡಿಯಲ್ಲಿ. ಅಲ್ಲಿಂದೀಚೆಗೆ ಅವರ ಕೈಯಲ್ಲಿ ಮೂರು ಕಾರುಗಳು ಮುದಿಯಾದುವು. ಒಂದಕ್ಕೂ ಹೇಳಿಕೊಳ್ಳುವಂಥ ಗಾಯವಾಗಲಿಲ್ಲ. ಇದು ಅವರ ಜೀವನದ ಸಣ್ಣ ಹೆಮ್ಮೆಗಳಲ್ಲಿ ಒಂದು. ಹೀಗಿರುವಾಗ 2024ರಲ್ಲಿ, ಕ್ಯಾಲಿಫೋರ್ನಿಯದಲ್ಲಿರುವ ಅವರ ಮಗ ರಜೆಗೆಂದು ಊರಿಗೆ ಬಂದ. ತಂದೆಯ ಪಕ್ಕದಲ್ಲಿ ಕುಳಿತು ಎರಡು ದಿನ ಓಡಾಡಿದ. ಮೂರನೆಯ ದಿನ ಅಡಿಗೆಮನೆಯಲ್ಲಿ ತಾಯಿಯೊಡನೆ ಪಿಸುಮಾತಿನಲ್ಲಿ ಏನೋ ಆಡಿದ. ನಾಲ್ಕನೆಯ ದಿನ ಕಾಫಿಯ ಹೊತ್ತಿಗೆ ವಿಷಯ ಹೊರಗೆ ಬಂದಿತು.

“ಅಪ್ಪ, ಒಂದು ವಿದ್ಯುತ್ ಕಾರು ತೆಗೆದುಕೊಳ್ಳೋಣ. ಪಥ ಬಿಟ್ಟು ಹೋಗದಂತೆ ಅದೇ ಸ್ಟಿಯರಿಂಗ್ ತಿರುಗಿಸುತ್ತೆ. ಮುಂದಿನ ಗಾಡಿ ನಿಧಾನವಾದರೆ ತಾನೂ ನಿಧಾನವಾಗುತ್ತೆ. ನಿಮಗೆ ಆಯಾಸ ಕಡಿಮೆ.”

‘ಆಯಾಸ’ ಎಂಬ ಮಾತಿಗೆ ಇಲ್ಲಿ ‘ವಯಸ್ಸು’ ಎಂದು ಅರ್ಥ ಮಾಡಿಕೊಳ್ಳಬೇಕೆಂಬುದು ಮೇಷ್ಟರಿಗೆ ಹೊಳೆಯದೆ ಹೋಗಲಿಲ್ಲ. ನಲವತ್ತಾರು ವರ್ಷ ಗಾಯವಿಲ್ಲದೆ ಕಾರು ನಡೆಸಿದ ಕೈಗಳನ್ನು ಅವರೊಮ್ಮೆ ನೋಡಿಕೊಂಡರು. ಆದರೆ ಮಗ ದುಡ್ಡು ಕೊಡುತ್ತೇನೆಂದಾಗ ಬೇಡವೆನ್ನುವುದು ಸುಲಭ. ಮಗ ಚಿಂತೆ ಪಡುತ್ತಿರುವಾಗ ಬೇಡವೆನ್ನುವುದು ಕಷ್ಟ. ಕಾರು ಮನೆಗೆ ಬಂದಿತು. ಮಗ ನೆಮ್ಮದಿಯಿಂದ ವಿಮಾನ ಹತ್ತಿದ.

ಮೊದಮೊದಲು ಮೇಷ್ಟರು ಆ ಸೌಕರ್ಯದ ಗುಂಡಿಯನ್ನು ಮುಟ್ಟಲೇ ಇಲ್ಲ. ಜಯನಗರದ ಬೀದಿಗಳಲ್ಲಿ ಅದರಿಂದ ಪ್ರಯೋಜನವೂ ಇರಲಿಲ್ಲ. ಆಟೋಗಳು ಎಡಬಲ ನುಸುಳುವ, ಹಸು ಮಲಗಿರುವ, ಬಿಳಿ ಗೆರೆ ಎಂದೋ ಅಳಿಸಿಹೋಗಿರುವ ರಸ್ತೆಯಲ್ಲಿ ಯಂತ್ರವಾದರೂ ಏನು ಮಾಡೀತು? ಅದಕ್ಕೆ ತಕ್ಕ ರಸ್ತೆ ಮೈಸೂರಿನದು. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಈ ಹೆದ್ದಾರಿ ಸುಮಾರು 118 ಕಿಲೋಮೀಟರ್ ಉದ್ದದ್ದು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ಸಾಗುವಂಥದು. ಅದೇ ವರ್ಷದ ಆಗಸ್ಟ್ ಒಂದರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಅದರ ಮುಖ್ಯ ಪಥಗಳಲ್ಲಿ ಪ್ರವೇಶವಿಲ್ಲ. ಅವೆಲ್ಲ ಪಕ್ಕದ ಸೇವಾರಸ್ತೆಯಲ್ಲಿ ಹೋಗಬೇಕು.

ಅಲ್ಲಿ ಮೊದಲ ಸಲ ಗುಂಡಿ ಒತ್ತಿದಾಗ, ಅಂಗೈಯ ಕೆಳಗೆ ಚಕ್ರ ತಾನಾಗಿ ಹೊರಳಿತು. ಕತ್ತಲೆಯಲ್ಲಿ ಯಾರೋ ಕೈ ಹಿಡಿದಂತೆ ಮೇಷ್ಟರು ಬೆಚ್ಚಿದರು. ಮುಂದಿನ ತಿರುವಿನಲ್ಲಿ ಮತ್ತೆ ಹೊರಳಿತು, ಸ್ವಲ್ಪವೂ ಹೆಚ್ಚುಕಡಮೆಯಿಲ್ಲದೆ. ರಾಮನಗರ ಬರುವ ವೇಳೆಗೆ ಅವರ ಮುಖದಲ್ಲಿ, ಜಾಣ ವಿದ್ಯಾರ್ಥಿಯೊಬ್ಬ ಲೆಕ್ಕವನ್ನು ಸರಿಯಾಗಿ ಬಿಡಿಸಿದಾಗ ಮೂಡುತ್ತಿದ್ದ ಹಳೆಯ ಮಂದಹಾಸ ಕಾಣಿಸಿಕೊಂಡಿತು.

ಮೇಷ್ಟರಾದವರು ತಿಳಿದುದನ್ನು ಹೇಳದೆ ಇರಲಾರರು. ಪಕ್ಕದಲ್ಲಿ, ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದ ಹೆಂಡತಿಗೆ ಅವರು ವಿವರಿಸಿದರು. ಮುಂದಿನ ಗಾಜಿನ ಮೇಲುಭಾಗದಲ್ಲಿ ಒಂದು ಕ್ಯಾಮೆರಾ ಇದೆ. ಅದು ಪಥದ ಎರಡು ಬದಿಯ ಬಿಳಿ ಗೆರೆಗಳನ್ನು ನೋಡುತ್ತಿರುತ್ತದೆ. ಗೆರೆಗಳ ನಡುವೆ ಕಾರು ಎಲ್ಲಿದೆಯೆಂದು ಗಣಕ ಲೆಕ್ಕ ಹಾಕುತ್ತದೆ. ಸ್ಟಿಯರಿಂಗಿಗೆ ಜೋಡಿಸಿದ ವಿದ್ಯುತ್ ಮೋಟರು ಆ ಲೆಕ್ಕದಂತೆ ಚಕ್ರವನ್ನು ತಿರುಗಿಸುತ್ತದೆ. ಮುಂದಿನ ವಾಹನದ ದೂರವನ್ನು ರೇಡಾರು ಅಳೆಯುತ್ತದೆ. ವಾಹನ ತಂತ್ರಜ್ಞರ ಸಂಸ್ಥೆಯಾದ ಎಸ್‌ಎಇ 2014ರಲ್ಲಿ ಮೊದಲು ಪ್ರಕಟಿಸಿದ ಪಟ್ಟಿಯಲ್ಲಿ ಇಂಥ ಸ್ವಯಂಚಾಲನೆಗೆ ಸೊನ್ನೆಯಿಂದ ಐದರವರೆಗೆ ಮೆಟ್ಟಿಲುಗಳುಂಟು. ಈ ಕಾರಿನದು ಎರಡನೆಯ ಮೆಟ್ಟಿಲು.

“ಎರಡನೆಯದು ಅಂದರೆ?” ಎಂದು ಆಕೆ ಕೇಳಿದರು.

“ಸ್ಟಿಯರಿಂಗನ್ನೂ ವೇಗವನ್ನೂ ಅದು ನೋಡಿಕೊಳ್ಳುತ್ತೆ. ಅದನ್ನು ನಾನು ನೋಡಿಕೊಳ್ಳಬೇಕು.”

“ಹಾಗಾದರೆ ನಿಮಗೆ ಕೆಲಸ ಕಡಿಮೆಯಾಯಿತೋ, ಹೆಚ್ಚಾಯಿತೋ?”

ಮೇಷ್ಟರು ನಕ್ಕು ಸುಮ್ಮನಾದರು. ಕೆಲವು ಪ್ರಶ್ನೆಗಳಿಗೆ ತರಗತಿಯಲ್ಲಿಯೂ ಅವರು ಹೀಗೆಯೇ ನಕ್ಕು ಸುಮ್ಮನಾಗುತ್ತಿದ್ದರು.

ದಿನಗಳು ಕಳೆದಂತೆ ಅಪನಂಬಿಕೆ ನಂಬಿಕೆಯಾಯಿತು, ನಂಬಿಕೆ ಅಭ್ಯಾಸವಾಯಿತು. ಚಕ್ರದ ಮೇಲಿಂದ ಕೈ ತೆಗೆದರೆ ಕೆಲವು ಕ್ಷಣಗಳಲ್ಲಿ ಎದುರಿನ ಫಲಕದಲ್ಲಿ ಸೂಚನೆ ಮೂಡುವುದು. ಆಮೇಲೆ ಮಣಿ ಬಾರಿಸುವುದು. ಕೈ ಇದೆಯೆಂಬುದು ಅದಕ್ಕೆ ತಿಳಿಯುವುದು ಚಕ್ರದ ಮೇಲೆ ಬೀಳುವ ಅಲ್ಪ ತಡೆಯಿಂದ. ನೆರೆಮನೆಯವರೊಬ್ಬರು, ಚಕ್ರಕ್ಕೆ ಒಂದು ನೀರಿನ ಸೀಸೆ ಸಿಕ್ಕಿಸಿಬಿಟ್ಟರೆ ಮಣಿಯ ಕಾಟವೇ ಇರುವುದಿಲ್ಲವೆಂದು ಉಪಾಯ ಹೇಳಿಕೊಟ್ಟರು. ಈ ಉಪಾಯ ಹೊಸದೇನಲ್ಲ. ಇದೇ ಉದ್ದೇಶಕ್ಕೆ ಅಮೆರಿಕದಲ್ಲಿ ಮಾರುತ್ತಿದ್ದ ತೂಕದ ಸಾಧನವೊಂದನ್ನು ಅಲ್ಲಿಯ ರಸ್ತೆ ಸುರಕ್ಷಾ ಇಲಾಖೆ 2018ರಲ್ಲಿ ನಿಲ್ಲಿಸಬೇಕೆಂದು ಆಜ್ಞೆ ಮಾಡಿತ್ತು. ಮೇಷ್ಟರು ನೆರೆಯವರ ಮಾತನ್ನು ಛೀಮಾರಿ ಹಾಕಿ ತಳ್ಳಿಬಿಟ್ಟರು. ಆದರೆ ತಮ್ಮ ಎಡಗೈಯ ಎರಡು ಬೆರಳುಗಳು ಚಕ್ರದ ಅಡಿಯಲ್ಲಿ ಜೋತುಬಿದ್ದು, ಆ ಸೀಸೆಯ ಕೆಲಸವನ್ನೇ ಮಾಡುತ್ತಿರುವುದು ಅವರ ಗಮನಕ್ಕೆ ಬರಲಿಲ್ಲ.

ವಿದ್ಯುತ್ ಕಾರಿನಲ್ಲಿ ಇದಕ್ಕೆ ಇನ್ನೂ ಒಂದು ಕಾರಣ ಕೂಡಿಕೊಳ್ಳುತ್ತದೆ. ಹಳೆಯ ಅಂಬಾಸಡರ್ ನಡೆಸುವವನ ಮೈಯೆಲ್ಲ ದುಡಿಯುತ್ತಿತ್ತು. ಎಂಜಿನ್ನಿನ ದನಿಯಿಂದಲೇ ವೇಗ ಇಷ್ಟೆಂದು ಕಿವಿ ಹೇಳುತ್ತಿತ್ತು. ಗೇರು ಬದಲಾಯಿಸುವ ಕೈಗೂ ಕ್ಲಚ್ಚು ಒತ್ತುವ ಕಾಲಿಗೂ ಬಿಡುವಿರಲಿಲ್ಲ. ಈ ಕಾರಿನಲ್ಲಿ ಎಂಜಿನ್ನೂ ಇಲ್ಲ, ಕ್ಲಚ್ಚೂ ಇಲ್ಲ. ಪೆಡಲಿನಿಂದ ಕಾಲು ಸಡಿಲಿಸಿದರೆ ವೇಗ ತಾನಾಗಿ ಇಳಿಯುತ್ತದೆ. ಕಿವಿಗೆ ಕೆಲಸವಿಲ್ಲ, ಕಾಲಿಗೆ ಕೆಲಸವಿಲ್ಲ, ಕೊನೆಗೆ ಕೈಗೂ ಕೆಲಸವಿಲ್ಲ. ಉಳಿದದ್ದು ಕಣ್ಣು. ಒಡನಾಡಿಗಳೆಲ್ಲ ಮಲಗಿದ ಮೇಲೆ ಕಣ್ಣೊಂದೇ ಎಷ್ಟು ಹೊತ್ತು ಎಚ್ಚರವಾಗಿದ್ದೀತು?

2025ರ ಜನವರಿಯಲ್ಲಿ ಮೈಸೂರಿನಲ್ಲಿ ಬಂಧುಗಳ ಮನೆಯ ಗೃಹಪ್ರವೇಶ ಮುಗಿಸಿಕೊಂಡು ದಂಪತಿಗಳಿಬ್ಬರೂ ಹಿಂದಿರುಗುತ್ತಿದ್ದರು. ಸಂಜೆಯ ಬೆಳಕು ಕುಂದುತ್ತಿತ್ತು. ಕಾರು ಬಲಗಡೆಯ ಪಥದಲ್ಲಿ, ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ, ಯಾರ ಹಂಗೂ ಇಲ್ಲದಂತೆ ಸಾಗುತ್ತಿತ್ತು. ಮಂಡ್ಯ ದಾಟಿದೊಡನೆ ಮೇಷ್ಟರಿಗೆ ಬಾಲ್ಯದ ನೆನಪು ಬರುವುದು ರೂಢಿ. ಮದ್ದೂರಿನ ಬಳಿಯ ಹಳ್ಳಿ ಅವರ ಹುಟ್ಟೂರು. ಅವರು ಹೆಂಡತಿಯ ಕಡೆಗೆ ಹೊರಳಿ, ಆಕೆ ನೂರು ಸಲವಾದರೂ ಕೇಳಿದ್ದ ಕಥೆಯನ್ನು ನೂರೊಂದನೆಯ ಸಲ ತೆಗೆದರು.

“ಆಗ ನನಗೆ ಎಂಟೋ ಒಂಬತ್ತೋ ವರ್ಷ. ಅಪ್ಪಯ್ಯ ಗಾಡಿ ತುಂಬ ಕಬ್ಬು ಹೇರಿಕೊಂಡು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋಗೋದು. ಸರದಿ ಸಿಕ್ಕಿ, ಕಬ್ಬು ಇಳಿಸಿ ಹೊರಡೋ ವೇಳೆಗೆ ನಡುರಾತ್ರಿ. ಬರಿಗಾಡಿಯಲ್ಲಿ ಹುಲ್ಲು ಹಾಸಿಕೊಂಡು ಅಪ್ಪಯ್ಯ ಮಲಗಿಬಿಡೋದು. ಎತ್ತುಗಳು ತಾವೇ ನಡೆದು, ಬೆಳಕು ಹರಿಯೋ ಹೊತ್ತಿಗೆ ನಮ್ಮ ಹಟ್ಟಿಯ ಮುಂದೆ ನಿಲ್ಲೋವು. ಇದೇ ದಾರಿ! ಅರುವತ್ತು ವರ್ಷದ ಮೇಲೆ ಮತ್ತೆ ಅದೇ ವೈಭೋಗ ಬಂದಿದೆ ನೋಡು. ಗಾಡಿ ತಾನೇ—”

“ರೀ!”

ಆ ಕೂಗಿಗೆ ಮೇಷ್ಟರು ತಲೆಯೆತ್ತಿದರು. ರಸ್ತೆ ಎಡಕ್ಕೆ ಬಾಗುತ್ತಿತ್ತು, ಕಾರು ಬಾಗುತ್ತಿರಲಿಲ್ಲ. ಎದುರಿಗೆ, ನಡುವಿಭಜಕದ ಲೋಹದ ತಡೆಪಟ್ಟಿ ಓಡಿ ಬರುತ್ತಿತ್ತು. ಕೈ ಹೇಗೆ ಚಕ್ರಕ್ಕೆ ಹೋಯಿತೋ, ಕಾಲು ಹೇಗೆ ಬ್ರೇಕಿಗೆ ಹೋಯಿತೋ, ಅವರಿಗೆ ತಿಳಿಯದು. ಕಾರು ಒಮ್ಮೆ ಓಲಾಡಿತು. ಹಿಂದಿನ ಬಸ್ಸು ದೀರ್ಘವಾಗಿ ಹಾರನ್ ಬಾರಿಸುತ್ತ ಎಡಗಡೆಯಿಂದ ದಾಟಿಹೋಯಿತು. ತಡೆಪಟ್ಟಿಗೂ ಕಾರಿಗೂ ಇದ್ದ ಅಂತರ ಒಂದು ಮೊಳವಿದ್ದರೆ ಹೆಚ್ಚು.

ನಡೆದದ್ದಿಷ್ಟೆ. ರಸ್ತೆಯ ಆ ಭಾಗಕ್ಕೆ ಹೊಸದಾಗಿ ಡಾಂಬರು ಹಾಕಿದ್ದರು. ಬಿಳಿ ಗೆರೆ ಇನ್ನೂ ಎಳೆದಿರಲಿಲ್ಲ. ಗೆರೆ ಕಾಣದೆ ಹೋದೊಡನೆ ಯಂತ್ರ ಸ್ಟಿಯರಿಂಗನ್ನು ಬಿಟ್ಟುಕೊಟ್ಟಿತು. ಫಲಕದ ಮೇಲಿನ ಹಸುರು ಚಿಹ್ನೆ ಬೂದುಬಣ್ಣಕ್ಕೆ ತಿರುಗಿತು. ಮೆಲ್ಲಗೆ ಒಂದು ಸಲ ದನಿ ಮಾಡಿಯೂ ಇದ್ದೀತು. ಎತ್ತಿನ ಕಥೆಯ ಗದ್ದಲದಲ್ಲಿ ಅದನ್ನು ಕೇಳುವವರು ಯಾರು? ವೇಗವನ್ನು ಮಾತ್ರ ಅದು ಬಿಟ್ಟುಕೊಟ್ಟಿರಲಿಲ್ಲ. ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. ಮೂರು ಸೆಕೆಂಡುಗಳ ಕಾಲ, 75 ಮೀಟರ್ ದೂರ, ಆ ಕಾರನ್ನು ಯಾರೂ ನಡೆಸುತ್ತಿರಲಿಲ್ಲ. ಮೇಷ್ಟರು ಈ ಲೆಕ್ಕವನ್ನು ಆಮೇಲೆ ಮಾಡಿದರು. ಮಾಡಿ, ಹೆಂಡತಿಗೆ ಹೇಳಲಿಲ್ಲ.

ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಗುಂಡಿಯನ್ನು ಆರಿಸಿ ಎರಡು ಕೈಗಳಿಂದಲೂ ಚಕ್ರ ಹಿಡಿದಿದ್ದ ಮೇಷ್ಟರ ಕೈ ಸಣ್ಣಗೆ ನಡುಗುತ್ತಿದ್ದುದನ್ನು ಆಕೆ ಕಂಡರು. “ಇವತ್ತು ಬೆಂಗಳೂರು ಬೇಡ. ಅಕ್ಕನ ಮನೆಗೆ ಹೋಗೋಣ” ಎಂದರು.

ಮೇಷ್ಟರ ಅಕ್ಕನಿಗೆ ಎಂಬತ್ತು ಸಮೀಪಿಸಿದೆ. ಹುಟ್ಟೂರಿನ ಹಳೆಯ ಮನೆಯಲ್ಲಿಯೇ ವಾಸ. ರಾತ್ರಿ ಮುದ್ದೆ ಉಂಡು ಜಗಲಿಯ ಮೇಲೆ ಕುಳಿತಾಗ ನಡೆದುದನ್ನೆಲ್ಲ ಕೇಳಿದರು. ಅವರಿಗೆ ಕಾರಿನ ವಿಷಯ ಅರ್ಥವಾಯಿತೋ ಇಲ್ಲವೋ, ಎತ್ತಿನ ವಿಷಯ ಅರ್ಥವಾಯಿತು.

“ಅಪ್ಪಯ್ಯ ಗಾಡೀಲಿ ನಿದ್ದೆ ಮಾಡ್ತಿತ್ತು ಅಂತ ನಿಂಗ್ಯಾರ್ಲಾ ಹೇಳಿದ್ದು?”

“ನಾನೇ ನೋಡಿದ್ದೀನಲ್ಲಕ್ಕ, ಪಕ್ಕದಲ್ಲೇ ಮಲಗಿರುತ್ತಿದ್ದೆ.”

“ನೀನು ಮಲಗಿರ್ತಿದ್ದೆ, ನಿಂಗೇನು ಗೊತ್ತಾದಾತು? ಎತ್ತಿನ ಹಗ್ಗನ ಮುಂಗೈಗೆ ಸುತ್ತಿಕೊಂಡು ಒರಗ್ತಿತ್ತು. ಎತ್ತು ಒಂದು ಹೆಜ್ಜೆ ಪಕ್ಕಕ್ಕಿಟ್ರೂ ಹಗ್ಗ ಜಗ್ಗೋದು, ಎದ್ದು ಕೂರೋದು. ಬೆಳಗಾಗೆದ್ದು ನೋಡಿದ್ರೆ ಮುಂಗೈ ಮ್ಯಾಲೆ ಕೆಂಪಗೆ ಬರೆ. ಅವ್ವ ಹರಳೆಣ್ಣೆ ಹಚ್ಚೋದು. ನಾನು ನೋಡಿವ್ನಿ.”

ಅರುವತ್ತು ವರ್ಷಗಳಿಂದ ಹೇಳಿಕೊಂಡು ಬಂದ ಕಥೆಯ ಮುಖ್ಯ ಭಾಗವೇ ತಮಗೆ ಗೊತ್ತಿರಲಿಲ್ಲವೆಂದು ಮೇಷ್ಟರಿಗೆ ಆ ರಾತ್ರಿ ತಿಳಿಯಿತು. ನಿಶ್ಚಿಂತೆಯಿಂದ ಮಲಗಿದ್ದವನು ಮಗ, ತಂದೆಯಲ್ಲ.

ಅವರ ಹೆಂಡತಿ ಇನ್ನೊಂದು ಮಾತು ಸೇರಿಸಿದರು: “ಹಳ್ಳಕ್ಕೆ ಬಿದ್ದರೆ ತನಗೂ ಪೆಟ್ಟಾಗುತ್ತೆ ಅನ್ನೋದು ಎತ್ತಿಗೆ ಗೊತ್ತಿತ್ತು. ಈ ಕಾರಿಗೇನು ಗೊತ್ತು?”

ಒಂಬತ್ತು ಗಂಟೆಗೆ ಮಗನ ದೂರವಾಣಿ ಬಂದಿತು. ಅಲ್ಲಿ ಆಗ ಬೆಳಿಗ್ಗೆ ಏಳೂವರೆ. ಅವನು ಕೆಲಸಕ್ಕೆ ಹೊರಡುವ ಸಮಯ. ಮುಚ್ಚಿಡಬೇಕೆಂದಿದ್ದ ಮೇಷ್ಟರು ಮುಚ್ಚಿಡಲಾರದೆ ಹೇಳಿಬಿಟ್ಟರು. ಆ ಕಡೆಯಿಂದ ಕೆಲವು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಅವನು, ತಾನು ಎಂದೂ ಹೇಳದಿದ್ದ ಸಂಗತಿಗಳನ್ನು ಒಂದೊಂದಾಗಿ ಹೇಳಿದ. ಅವನ ಕಾರೂ ಅಂಥದೇ. ಒಮ್ಮೆ ಹೆದ್ದಾರಿಯಲ್ಲಿ, ಮೇಲುಸೇತುವೆಯ ನೆರಳನ್ನು ಏನೆಂದು ತಿಳಿಯಿತೋ, ಎದುರಿಗೆ ಏನೂ ಇಲ್ಲದಿದ್ದರೂ ಅದು ಧಡಕ್ಕನೆ ವೇಗ ಇಳಿಸಿತ್ತು. ಅವನು ದಿನವೂ ಹಾದುಹೋಗುವ ಮೌಂಟನ್ ವ್ಯೂ ಎಂಬ ಊರಿನ ಹೆದ್ದಾರಿ ಎರಡಾಗಿ ಕವಲೊಡೆಯುವ ಜಾಗದಲ್ಲಿ, 2018ರ ಮಾರ್ಚ್ ತಿಂಗಳಲ್ಲಿ, ಆಟೋಪೈಲಟ್ ಚಾಲನೆಯಲ್ಲಿದ್ದ ಟೆಸ್ಲಾ ಕಾರೊಂದು ಎರಡು ಕವಲುಗಳ ನಡುವಿನ ತ್ರಿಕೋನಕ್ಕೆ ನುಗ್ಗಿ ತಡೆಗೋಡೆಗೆ ಬಡಿದು, ಚಾಲಕ ತೀರಿಕೊಂಡಿದ್ದ. ಕಾರಿನ ವೇಗ ಗಂಟೆಗೆ ಸುಮಾರು 114 ಕಿಲೋಮೀಟರ್. ಕೊನೆಯ ಆರು ಸೆಕೆಂಡುಗಳಲ್ಲಿ ಚಕ್ರದ ಮೇಲೆ ಕೈ ಇದ್ದ ಗುರುತು ಯಂತ್ರಕ್ಕೆ ಸಿಕ್ಕಿರಲಿಲ್ಲ. ಚಾಲಕನ ಗಮನ ಕೈಯಲ್ಲಿದ್ದ ಫೋನಿನ ಆಟದ ಕಡೆಗಿದ್ದಿರಬೇಕೆಂದೂ, ಯಂತ್ರದ ದೃಷ್ಟಿಯ ಮಿತಿಯಿಂದ ಕಾರು ದಾರಿ ತಪ್ಪಿತೆಂದೂ ಅಮೆರಿಕದ ಸಾರಿಗೆ ಸುರಕ್ಷಾ ಮಂಡಲಿ 2020ರಲ್ಲಿ ತೀರ್ಮಾನಿಸಿತು. 2023ರ ಡಿಸೆಂಬರಿನಲ್ಲಿ ಅದೇ ಕಂಪನಿ, ಚಾಲಕನನ್ನು ಎಚ್ಚರಿಸುವ ಏರ್ಪಾಡು ಸಾಲದೆಂಬ ಕಾರಣಕ್ಕೆ, ಅಮೆರಿಕದ ಸುಮಾರು 20 ಲಕ್ಷ ಕಾರುಗಳ ತಂತ್ರಾಂಶವನ್ನು ತಿದ್ದಬೇಕಾಯಿತು.

“ಇಷ್ಟೆಲ್ಲ ಗೊತ್ತಿದ್ದೂ ನನಗೆ ಕೊಡಿಸಿದೆಯಲ್ಲೋ!” ಎಂದರು ಮೇಷ್ಟರು, ಕೋಪಕ್ಕಿಂತ ಹೆಚ್ಚಾಗಿ ಆಶ್ಚರ್ಯದಿಂದ.

“ಒಳ್ಳೆಯದೇ ಆಗಲಿ ಅಂತ ಕೊಡಿಸಿದ್ದು, ಅಪ್ಪ. ಎಚ್ಚರವಾಗಿರೋವರಿಗೆ ಅದು ಒಳ್ಳೆಯದೇ. ಆದರೆ…” ಅವನ ದನಿ ತಗ್ಗಿತು. “ನಿಜ ಹೇಳಬೇಕು ಅಂದರೆ, ಮೊದಲು ನೀವು ಊರಿಗೆ ಹೊರಟಾಗಲೆಲ್ಲ, ತಲುಪಿದಿರಾ ಅಂತ ಫೋನು ಮಾಡುತ್ತಿದ್ದೆ. ಈ ಕಾರು ಬಂದಮೇಲೆ ಅದನ್ನೂ ಬಿಟ್ಟಿದ್ದೆ. ಕಾರು ನೋಡಿಕೊಳ್ಳುತ್ತೆ ಅಂತ.”

ಮೇಷ್ಟರಿಗೆ ಏನು ಹೇಳಬೇಕೆಂದು ತೋರಲಿಲ್ಲ. ಹೆದ್ದಾರಿಯಲ್ಲಿ ಕೈಬಿಟ್ಟವರು ತಾವೊಬ್ಬರೇ ಅಲ್ಲವೆಂಬುದು ಸಮಾಧಾನವೂ ಹೌದು, ಸಂಕಟವೂ ಹೌದು.

ಬೆಂಗಳೂರಿಗೆ ಮರಳಿದ ಮೇಲೆ ಮೇಷ್ಟರು ತಮ್ಮ ಸ್ವಭಾವದಂತೆ ಪುಸ್ತಕಗಳ ಮೊರೆ ಹೊಕ್ಕರು. ತಾವು ಮಾಡಿದ್ದು ಮುದಿತನದ ತಪ್ಪೋ, ಮನುಷ್ಯತನದ ತಪ್ಪೋ ಎಂಬುದು ಅವರ ಪ್ರಶ್ನೆ. ಉತ್ತರ ದೊರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ರೇಡಾರಿನ ಮುಂದೆ ಕುಳಿತ ಎಳೆವಯಸ್ಸಿನ ಸೈನಿಕರು ಗುರುತುಗಳನ್ನು ಏಕೆ ತಪ್ಪಿಸಿಕೊಳ್ಳುತ್ತಾರೆಂದು ತಿಳಿಯಲು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಒಂದು ಗಡಿಯಾರ ಮಾಡಿಸಿದ್ದ. ಅದರ ಮುಳ್ಳು ಒಂದೊಂದೇ ಹೆಜ್ಜೆ ಸರಿಯುವುದು. ಅಪರೂಪಕ್ಕೊಮ್ಮೆ ಒಂದೇ ಸಲಕ್ಕೆ ಎರಡು ಹೆಜ್ಜೆ ಹಾರುವುದು. ಹಾರಿದಾಗ ಹೇಳಬೇಕು, ಅಷ್ಟೇ ಕೆಲಸ. ಆರೋಗ್ಯವಂತ ತರುಣರ ಗಮನ ಕೂಡ ಅರ್ಧ ಗಂಟೆಯೊಳಗೆ ಸಡಿಲಗೊಳ್ಳುವುದೆಂದು ಆತ 1948ರಲ್ಲಿ ಪ್ರಕಟಿಸಿದ. 1983ರಲ್ಲಿ ಲಿಸಾನ್ ಬೇನ್‌ಬ್ರಿಜ್ ಎಂಬ ವಿದುಷಿ, ‘ಸ್ವಯಂಚಾಲನೆಯ ವಿಪರ್ಯಾಸಗಳು’ ಎಂಬರ್ಥದ ಹೆಸರಿನ ಲೇಖನದಲ್ಲಿ ಇನ್ನೂ ಮುಂದೆ ಹೋದಳು. ಸುಲಭವಾದ ಕೆಲಸವನ್ನೆಲ್ಲ ಯಂತ್ರ ತೆಗೆದುಕೊಳ್ಳುತ್ತದೆ. ಕಷ್ಟದ ಗಳಿಗೆಯನ್ನು ಮನುಷ್ಯನಿಗೆ ಬಿಡುತ್ತದೆ. ಅಭ್ಯಾಸ ತಪ್ಪಿದ ಕೈಗೆ, ಮಂಪರು ಹತ್ತಿದ ಕಣ್ಣಿಗೆ, ಎಲ್ಲಕ್ಕಿಂತ ಕಠಿಣವಾದ ಕ್ಷಣ ಬಂದು ಬೀಳುತ್ತದೆ.

ಹಾಗಾದರೆ ತಪ್ಪು ಎಪ್ಪತ್ತು ವರ್ಷದ್ದಲ್ಲ. ಇಪ್ಪತ್ತರವನೂ ಅಲ್ಲಿ ಹಾಗೆಯೇ ಕಥೆ ಹೇಳುತ್ತಿದ್ದ. ಇದರಿಂದ ಮೇಷ್ಟರ ಹೆಮ್ಮೆಗೆ ಆಗಿದ್ದ ಗಾಯ ಸ್ವಲ್ಪ ಮಾಯಿತು. ಜವಾಬ್ದಾರಿ ಮಾತ್ರ ಕಡಿಮೆಯಾಗಲಿಲ್ಲ. ಯಾರಿಗೂ ಸುಲಭವಲ್ಲದ ಕೆಲಸವನ್ನು ಸುಲಭವೆಂದು ತಿಳಿದದ್ದೇ ತಪ್ಪು.

ಕಾರನ್ನು ಅವರು ಮಾರಲಿಲ್ಲ. ಗುಂಡಿಯನ್ನೂ ಪೂರ್ತಿ ತ್ಯಜಿಸಲಿಲ್ಲ. ನೀಳವಾದ ರಸ್ತೆಯಲ್ಲಿ ಅದು ಭುಜದ ನೋವನ್ನು ಕಡಿಮೆ ಮಾಡುವುದು ನಿಜ. ಹಿಂದೊಮ್ಮೆ ಲಾರಿಯೊಂದು ಹಠಾತ್ತನೆ ಎದುರಿಗೆ ಬಂದಾಗ ಮೇಷ್ಟರಿಗಿಂತ ಮೊದಲು ಬ್ರೇಕು ಹಾಕಿದ್ದೂ ಅದೇ. ಆದರೆ ಈಗ ಅವರ ಎರಡು ಕೈಗಳೂ ಚಕ್ರವನ್ನು ಬಿಡುವುದಿಲ್ಲ. ಅದು ತಿರುಗಿಸುವಾಗ ಇವರೂ ಅದರೊಡನೆ ತಿರುಗಿಸುತ್ತಾರೆ. ಹೊಸ ಡಾಂಬರು ಕಂಡರೆ, ಗೆರೆ ಮಸುಕಾದರೆ, ಸಂಜೆಗತ್ತಲು ಇಳಿದರೆ ಗುಂಡಿ ಆರುತ್ತದೆ. ಮಂಡ್ಯ ದಾಟಿದ ಮೇಲೂ ಕಥೆ ಹೊರಡುವುದಿಲ್ಲ. ಅವರ ಹೆಂಡತಿಗೆ ಈಗ ಬಾಗಿಲ ಮೇಲಿನ ಹಿಡಿ ಬೇಕಾಗುವುದು ಅಪರೂಪ. ಊರು ತಲುಪುವಷ್ಟರಲ್ಲಿ ಕ್ಯಾಲಿಫೋರ್ನಿಯದಿಂದ, ಅಲ್ಲಿ ಎಷ್ಟೇ ಹೊತ್ತಾಗಿರಲಿ, ಫೋನು ಬರುತ್ತದೆ: “ತಲುಪಿದಿರಾ, ಅಪ್ಪ?”

ಮೊನ್ನೆ ಬೆಳಿಗ್ಗೆ ಆಕೆ ಹೂವು ಕೊಳ್ಳಲು ಬಾಗಿಲಿಗೆ ಹೋಗುತ್ತ, “ಒಲೆಯ ಮೇಲೆ ಹಾಲಿದೆ, ಸ್ವಲ್ಪ ನೋಡ್ಕೊಳ್ಳಿ” ಎಂದು ಕೂಗಿದರು. ಹಿಂದೆಲ್ಲ ‘ಹ್ಞೂ’ ಎಂದು ಪತ್ರಿಕೆಯ ಪುಟ ತಿರುಗಿಸುತ್ತಿದ್ದ ಮೇಷ್ಟರು ಪತ್ರಿಕೆ ಮಡಿಸಿಟ್ಟು, ಎದ್ದು ಹೋಗಿ, ಒಲೆಯ ಗುಂಡಿಯ ಮೇಲೆ ಕೈಯಿಟ್ಟುಕೊಂಡು, ಹಾಲನ್ನೇ ದಿಟ್ಟಿಸುತ್ತ ನಿಂತರು. ಹೂವು ಕೊಂಡು ಬಂದ ಆಕೆ ಬಾಗಿಲಲ್ಲಿ ಅದನ್ನು ಕಂಡು, ಏನೂ ಹೇಳದೆ, ಒಳಗೊಳಗೇ ನಕ್ಕರು.